ಮಾರುಕಟ್ಟೆ ತೆರೆದವರೇ ಬಾಯಿ ಮುಚ್ಚಿಸಿದ ಚೀನಾ: ಈ ಪಾಠವನ್ನು ನೀವು ಹೇಗೆ ಮಾಡುತ್ತೀರಿ?

ಪ್ರಶ್ನೆ: ಪದವಿ ತರಗತಿಗೆ ಇತಿಹಾಸ ಕಲಿಸುತ್ತೇನೆ. ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಆರ್ಥಿಕತೆಯ ಬಾಗಿಲು ತೆರೆದರು ಎಂದು ಒಂದು ವಾರ ಹೇಳಿ, ಮರುವಾರ 1989ರಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯನ್ನು ಸೇನೆಯಿಂದ ಅಡಗಿಸಿದ ಬೀಜಿಂಗ್‌ನ ತಿಯಾನನ್ಮೆನ್ ಚೌಕಕ್ಕೆ ಬಂದರೆ ಮಕ್ಕಳು ‘ಇವರು ಅದೇ ಡೆಂಗ್ ತಾನೆ?’ ಎನ್ನುತ್ತಾರೆ. ಪಾಠ ಮಾಡಿದವರು, ಅಲ್ಲಿಗೆ ಹೋಗಿಬಂದವರು ದಾರಿ ತೋರಿಸಿ.

ನಿವೃತ್ತ ಉಪನ್ಯಾಸಕಿ, ಮೈಸೂರು: ನಾನೂ ವರ್ಷಗಟ್ಟಲೆ ಹೀಗೆಯೇ ಎಡವಿದೆ. ಆರ್ಥಿಕತೆಗೆ ಒಂದು ಅಧ್ಯಾಯ, ದಮನಕ್ಕೆ ಇನ್ನೊಂದು ಎಂದು ಪಾಲು ಮಾಡಿದ್ದೇ ತಪ್ಪು. ಆಮೇಲೆ 1978ರ ಚಳಿಗಾಲದ ಎರಡು ಕಾಗದಗಳಿಂದಲೇ ಶುರುಮಾಡತೊಡಗಿದೆ. ಆನ್‌ಹುಯಿ ಪ್ರಾಂತ್ಯದ ಷಿಯಾವೊಗಾಂಗ್ ಎಂಬ ಬಡ ಹಳ್ಳಿಯಲ್ಲಿ 18 ರೈತರು ಸಾಮೂಹಿಕ ಜಮೀನನ್ನು ಮನೆವಾರು ಹಂಚಿಕೊಂಡು ಗುಟ್ಟಾಗಿ ಕರಾರು ಬರೆದು ಹೆಬ್ಬೆಟ್ಟು ಒತ್ತಿದರು. ಮುಂದಾಳುಗಳು ಜೈಲು ಪಾಲಾದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕಬೇಕು ಎಂಬ ಮಾತೂ ಅದರಲ್ಲಿತ್ತು. (ಇದನ್ನು ಓದಿ ಹೇಳಿದಾಗ ಹಿಂದಿನ ಬೆಂಚೂ ಸದ್ದಿಲ್ಲದಾಗುತ್ತಿತ್ತು.) ಅದೇ ಡಿಸೆಂಬರ್‌ನಲ್ಲಿ ಬೀಜಿಂಗ್‌ನ ಷಿದಾನ್‌ನಲ್ಲಿ ಜನ ತಮ್ಮ ಅಭಿಪ್ರಾಯ ಬರೆದು ಅಂಟಿಸುತ್ತಿದ್ದ ಗೋಡೆಗೆ ವೇಯ್ ಜಿಂಗ್‌ಷೆಂಗ್ ಎಂಬ ಎಲೆಕ್ಟ್ರಿಷಿಯನ್ ಒಂದು ಭಿತ್ತಿಪತ್ರ ಅಂಟಿಸಿದ: ಸರ್ಕಾರದ ನಾಲ್ಕು ಆಧುನೀಕರಣ (ಕೃಷಿ, ಕೈಗಾರಿಕೆ, ರಕ್ಷಣೆ, ವಿಜ್ಞಾನ-ತಂತ್ರಜ್ಞಾನ) ಸಾಲದು, ಐದನೆಯದಾಗಿ ಪ್ರಜಾಪ್ರಭುತ್ವ ಬೇಕು. ರೈತರ ಕರಾರು ಕೆಲವೇ ವರ್ಷಗಳಲ್ಲಿ ದೇಶದ ನೀತಿಯಾಯಿತು. ಎಲೆಕ್ಟ್ರಿಷಿಯನ್‌ಗೆ 1979ರಲ್ಲಿ 15 ವರ್ಷ ಜೈಲಾಯಿತು. ಅವನನ್ನು ಬಂಧಿಸಿದ ಮರುದಿನವೇ ಡೆಂಗ್ ‘ನಾಲ್ಕು ಮೂಲತತ್ವ’ಗಳನ್ನು ಸಾರಿದರು, ಪಕ್ಷದ ನಾಯಕತ್ವವನ್ನು ಪ್ರಶ್ನಿಸುವಂತಿಲ್ಲ ಎಂಬುದೇ ಅದರ ತಿರುಳು. ಅಂದರೆ ಡೆಂಗ್ 1989ರಲ್ಲಿ ಬದಲಾಗಲಿಲ್ಲ, ಮೇಷ್ಟ್ರೇ.

ಅರ್ಥಶಾಸ್ತ್ರ ಉಪನ್ಯಾಸಕ, ಹುಬ್ಬಳ್ಳಿ: ಮೇಡಂ ಹೇಳಿದ್ದಕ್ಕೆ ಬೆಲೆಯ ಕಥೆಯನ್ನೂ ಸೇರಿಸಿ. 1980ರ ದಶಕದಲ್ಲಿ ಒಂದೇ ಉಕ್ಕಿಗೆ ಎರಡು ದರ: ಒಂದು ಸರ್ಕಾರಿ ಯೋಜನೆಯ ಅಗ್ಗದ ದರ, ಇನ್ನೊಂದು ಮಾರುಕಟ್ಟೆಯದು. ಅಧಿಕಾರದ ಬಲವಿದ್ದವರು ಇಲ್ಲಿ ಎತ್ತಿ ಅಲ್ಲಿ ಮಾರಿದರು. ಪಡಿತರ ಅಕ್ಕಿ ಕಾಳಸಂತೆಗೆ ಹೋಗುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. 1988ರಲ್ಲಿ ಬೆಲೆ ಏರಿ ಜನ ಬ್ಯಾಂಕಿಗೂ ಅಂಗಡಿಗೂ ಮುಗಿಬಿದ್ದರು. ಮರುವರ್ಷ ಚೌಕದಲ್ಲಿ ಕೇಳಿಬಂದ ಕೂಗಿನಲ್ಲಿ ಈ ಸಿಟ್ಟೂ ಇತ್ತು. ಇನ್ನು 1992: 87 ವರ್ಷದ ಡೆಂಗ್ ದಕ್ಷಿಣದ ವಿಶೇಷ ಆರ್ಥಿಕ ವಲಯವಾದ ಷೆನ್‌ಜೆನ್‌ಗೆ ಹೋಗಿ ಸುಧಾರಣೆಗೆ ಮತ್ತೆ ವೇಗ ಕೊಟ್ಟರು. ಸುಧಾರಣೆಯನ್ನು ನಡೆಸಿದ್ದ, 1989ರಲ್ಲಿ ಸೇನೆ ಬಳಸುವುದನ್ನು ವಿರೋಧಿಸಿ ಹುದ್ದೆ ಕಳೆದುಕೊಂಡ ಪಕ್ಷದ ಪ್ರಧಾನ ಕಾರ್ಯದರ್ಶಿ ಝಾವೊ ಜಿಯಾಂಗ್ ಮಾತ್ರ 2005ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲಿಯೇ ಉಳಿದರು.

ಗ್ರಾನೈಟ್ ವ್ಯಾಪಾರಿ, ಇಳಕಲ್: ನನಗೆ ಪಾಠ ಬಾರದು. ಕೆಂಪು ಕಲ್ಲು ಮಾರಲು ಚೀನಾದ ಬಂದರು ನಗರ ಷಿಯಾಮೆನ್‌ಗೆ ಹೋದಾಗ ಚೌಕಾಸಿಯಲ್ಲಿ ಹುಲಿಯಂತಿದ್ದ ದುಭಾಷಿಯನ್ನು ಚಹಾ ಕುಡಿಯುತ್ತಾ 1989ರ ಬಗ್ಗೆ ಕೇಳಿದೆ. ಆತ ಕ್ಯಾಲ್ಕುಲೇಟರನ್ನು ನನ್ನ ಕಡೆಗೆ ತಿರುಗಿಸಿ ಮುಂದಿನ ದರ ತೋರಿಸಿದ. ಕೇಳಬಾರದಿತ್ತು, ನಾನು ಮರುದಿನ ವಿಮಾನ ಹತ್ತುವವನು, ಅವನು ಅಲ್ಲಿಯೇ ಬಾಳಬೇಕಾದವನು.