ಏನೂ ಗೊತ್ತಿಲ್ಲದವರು ಓಟು ಹಾಕಬಹುದಾ? ಚುನಾವಣೆ ಡ್ಯೂಟಿ ಮಾಡಿದ ಮೇಷ್ಟ್ರನ್ನು ಕೇಳಿ

ಪ್ರಶ್ನೆ (ಶಿಡ್ಲಘಟ್ಟದಿಂದ):

ಮೇಷ್ಟ್ರೇ ನಮಸ್ಕಾರ. ಬಿಕಾಂ ಮುಗಿಸಿ ಅಪ್ಪನ ಜೊತೆ ರೇಷ್ಮೆ ರೀಲಿಂಗ್ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಅಜ್ಜಿಗೆ ಓದು ಬರಲ್ಲ. ಆದರೆ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಗುರುತು ನೋಡಿ ಒತ್ತಿ ಬರುತ್ತಾರೆ ಅಷ್ಟೆ. ಹೋದ ಸಲ ಯಾರು ಯಾರು ನಿಂತಿದ್ದಾರೆ ಅಂತ ಕೇಳಿದೆ, ಒಬ್ಬರ ಹೆಸರೂ ಗೊತ್ತಿಲ್ಲ. ನಾನು ದಿನಾ ಪೇಪರ್ ಓದುತ್ತೇನೆ, ಟಿವಿಯಲ್ಲಿ ಚರ್ಚೆ ನೋಡುತ್ತೇನೆ. ನಮ್ಮಿಬ್ಬರ ಓಟಿಗೂ ಒಂದೇ ಬೆಲೆಯಾ? ಗಾಡಿ ಓಡಿಸೋಕೇ ಪರೀಕ್ಷೆ ಇದೆ, ಓಟಿಗೆ ಯಾಕಿಲ್ಲ? ಇದನ್ನೇ ಮನೆಯಲ್ಲಿ ಹೇಳಿದ್ದಕ್ಕೆ ಅಜ್ಜಿ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಉತ್ತರ:

ಮೊದಲು ಹೋಗಿ ಅಜ್ಜಿ ಹತ್ತಿರ ರಾಜಿ ಮಾಡಿಕೊಳ್ಳಪ್ಪ. ಆಮೇಲೆ ಬಂದು ಇದನ್ನು ಓದು.

ನಾನು ಹೈಸ್ಕೂಲ್ ಮೇಷ್ಟ್ರಾಗಿದ್ದವನು. ಚುನಾವಣೆ ಹಿಂದಿನ ದಿನ ಮಸ್ಟರಿಂಗ್‌ನಲ್ಲಿ, ಅಂದರೆ ಸಾಮಾನು ಹಂಚೋ ಕಡೆ, ಓಟಿನ ಮೆಷಿನ್ ತಗೊಂಡು ಹಳ್ಳಿ ಬಸ್ ಹತ್ತಿ, ಮಾರನೇ ದಿನ ರಾತ್ರಿ ಡಿಮಸ್ಟರಿಂಗ್ ಕ್ಯೂನಲ್ಲಿ ನಿಂತು ಎಲ್ಲ ವಾಪಸ್ ಕೊಟ್ಟು ಮನೆ ಸೇರಿದ್ದು ಎಷ್ಟು ಸಲವೋ ಲೆಕ್ಕ ಇಟ್ಟಿಲ್ಲ. ಮತಗಟ್ಟೆಯಲ್ಲಿ ವಯಸ್ಸಾದವರು "ಎಲ್ಲಿ ಒತ್ತಬೇಕಪ್ಪ" ಅಂತ ಕೇಳುತ್ತಾರೆ. ಯಾವುದನ್ನು ಅಂತ ನಾವು ಹೇಳೋ ಹಾಗಿಲ್ಲ. ರಟ್ಟಿನ ಮಾದರಿ ತೋರಿಸಿ ಹೇಗೆ ಅಂತ ಮಾತ್ರ ಹೇಳಬಹುದು. ಯಾವುದು ಅನ್ನೋದು ಅವರಿಗೆ ಮನೆ ಬಿಡುವಾಗಲೇ ಗೊತ್ತಿರುತ್ತೆ.

ನೀನು ಕೇಳೋ ಪರೀಕ್ಷೆ ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಆಮೇಲೆ ಅದಕ್ಕೆ ಚುನಾವಣೆ ಬಂದಾಗ ಓಟು ಇದ್ದಿದ್ದು ಕಂದಾಯ ಕಟ್ಟೋ ಜಮೀನುದಾರರು, ಪದವೀಧರರು, ಇಂಥವರಿಗೆ ಮಾತ್ರ. ಬಾಕಿಯವರು ಅರ್ಜಿ ಹಿಡಿದು ಹೊರಗೆ ನಿಲ್ಲಬೇಕಿತ್ತು. ನಮ್ಮ ಗೌರಿಬಿದನೂರು ಪಕ್ಕದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗುಂಡು ಹಾರಿದ್ದು ಯಾರ ಮೇಲೆ? ಬಾವುಟ ಹಾರಿಸೋಕೆ, ಜನರಿಗೆ ಉತ್ತರ ಕೊಡೋ ಜವಾಬ್ದಾರಿ ಸರ್ಕಾರ ಬೇಕು ಅಂತ ಕೇಳೋಕೆ ಸುತ್ತಲ ಹಳ್ಳಿಗಳಿಂದ ಬಂದು ಸೇರಿದ್ದ ಜನರ ಮೇಲೆ. ನಿನಗೆ ಓದು ಬರುತ್ತಾ ಅಂತ ಕೇಳಿಕೊಂಡು ಯಾರೂ ಗುಂಡು ಹೊಡೆಯಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ವಯಸ್ಸಿಗೆ ಬಂದ ಎಲ್ಲರಿಗೂ ಓಟು ಅಂತ ಸಂವಿಧಾನದಲ್ಲೇ ಬರೆದರು. ಮೊದಲು 21 ವರ್ಷ ಇತ್ತು, 1989ರಿಂದ 18 ಆಯಿತು. 1951-52ರ ಮೊದಲ ಚುನಾವಣೆಯಲ್ಲಿ ಹೆಚ್ಚಿನವರಿಗೆ ಅಕ್ಷರ ಗೊತ್ತಿರಲಿಲ್ಲ. ಗುರುತುಗಳನ್ನು ಇಟ್ಟಿದ್ದೇ ಅದಕ್ಕೆ. ಅಂದರೆ ಗುರುತು ನೋಡಿ ಒತ್ತುವ ನಿಮ್ಮ ಅಜ್ಜಿ ಏನೂ ತಪ್ಪು ಮಾಡುತ್ತಿಲ್ಲ.

ಇನ್ನೊಂದು ತಮಾಷೆ ಹೇಳುತ್ತೇನೆ, ಓದಿದವರು ಬೇಜಾರು ಮಾಡಿಕೊಳ್ಳಬೇಡಿ. ಓದಿದವರೇ ಓಟು ಹಾಕುವ ಚುನಾವಣೆ ನಮ್ಮಲ್ಲಿ ಈಗಲೂ ಇದೆ. ವಿಧಾನ ಪರಿಷತ್ತಿನ ಆಗ್ನೇಯ ಪದವೀಧರ ಕ್ಷೇತ್ರ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ದಾವಣಗೆರೆಯ ಒಂದಷ್ಟು ಭಾಗ ಎಲ್ಲ ಸೇರಿ ಒಂದೇ ಕ್ಷೇತ್ರ. ಅಲ್ಲಿ ಮೆಷಿನ್ ಇಲ್ಲ, ಪೇಪರ್. ಅವರೇ ಕೊಟ್ಟ ನೇರಳೆ ಬಣ್ಣದ ಪೆನ್ನಿನಲ್ಲಿ 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು. ಎಣಿಕೆ ಟೇಬಲ್‌ನಲ್ಲಿ ಕೂತು ನೋಡಿದ್ದೇನೆ: ಒಬ್ಬರು ಟಿಕ್ ಮಾರ್ಕ್ ಹಾಕಿದ್ದಾರೆ, ಒಬ್ಬರು ನೀಟಾಗಿ ಸಹಿ ಮಾಡಿದ್ದಾರೆ, ಮತ್ತೊಬ್ಬರು ಇಬ್ಬರಿಗೂ 1 ಕೊಟ್ಟಿದ್ದಾರೆ. ಎಲ್ಲಾ ತಿರಸ್ಕೃತ. ಡಿಗ್ರಿ ತಗೊಂಡವರ ಕಥೆ ಇದು. ಪರೀಕ್ಷೆ ಇಟ್ಟರೆ ಮೊದಲು ಫೇಲ್ ಆಗೋರು ಯಾರು ಅಂತ ನನಗೇನೋ ಅನುಮಾನ ಇಲ್ಲ.

ಅದೇ ಶಿಡ್ಲಘಟ್ಟದವರು:

ಸಾರ್, ರಾಜಿ ಆಯಿತು, ಕಾಫಿನೂ ಸಿಕ್ಕಿತು. ಆದರೆ ಹಾಗಾದರೆ ಏನೂ ತಿಳಿದುಕೊಳ್ಳೋದು ಬೇಡ ಅಂತೀರಾ?

ಉತ್ತರ:

ಎಲ್ಲಪ್ಪ ಹಾಗಂದೆ? ತಿಳಿದುಕೊಂಡೇ ಹಾಕಬೇಕು. ತಿಳಿಯದವರನ್ನು ಬಾಗಿಲಲ್ಲೇ ತಡೆಯಬೇಕು ಅನ್ನೋದು ಬೇರೆ ಮಾತು. ನಿನ್ನನ್ನೇ ಕೇಳುತ್ತೇನೆ. ಟಿವಿ ಚರ್ಚೆಯಲ್ಲಿ ದೆಹಲಿ ವಿಷಯ ಜಾಸ್ತಿ. ನಿಮ್ಮ ಬೀದಿ ಚರಂಡಿ ನಗರಸಭೆ ಕೆಲಸ. ಗೂಡಿನ ಮಾರ್ಕೆಟ್ ರಾಜ್ಯದ ರೇಷ್ಮೆ ಇಲಾಖೆಗೆ ಸೇರಿದ್ದು. ಚೀನಾ ರೇಷ್ಮೆ ಮೇಲಿನ ಸುಂಕ ಕೇಂದ್ರದ ಕೈಯಲ್ಲಿದೆ. ನೂಲಿನ ರೇಟು ಬಿದ್ದಾಗ ವಾರ್ಡ್ ಮೆಂಬರನ್ನು ಬೈಯೋದು, ಚರಂಡಿ ಕಟ್ಟಿಕೊಂಡಾಗ ಎಂಪಿಯನ್ನು ಬೈಯೋದು, ಇದರಿಂದ ಏನು ಬಂತು? ಯಾವ ಚುನಾವಣೆಯಲ್ಲಿ ಯಾವ ಕೆಲಸಕ್ಕೆ ಆಳು ಹುಡುಕುತ್ತಿದ್ದೇವೆ, ಅಷ್ಟು ಗೊತ್ತಿದ್ದರೆ ಅರ್ಧ ಆಯಿತು.

ಇನ್ನರ್ಧ ಅಭ್ಯರ್ಥಿಯ ಅಫಿಡವಿಟ್. ಕ್ರಿಮಿನಲ್ ಕೇಸು, ಆಸ್ತಿ, ಸಾಲ, ಓದು ಎಲ್ಲ ಬರೆದುಕೊಡಬೇಕು. ಇದು ಸುಮ್ನೆ ಬಂದಿದ್ದಲ್ಲ. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಪಾರ್ಲಿಮೆಂಟ್ ಕಾನೂನು ತಂದು ಅದನ್ನು ತೆಳು ಮಾಡೋಕೆ ನೋಡಿತು, 2003ರಲ್ಲಿ ಕೋರ್ಟ್ ಆ ಕಲಮನ್ನೇ ಹೊಡೆದುಹಾಕಿತು. ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತೆ. ಅರ್ಧ ಗಂಟೆ ಕೆಲಸ. ಎಲ್ಲ ಓದೋದು ಬೇಡ, ಕೇಸು ಮತ್ತೆ ಸಾಲದ ಪುಟ ನೋಡು. ಹಿಂದೆಯೂ ನಿಂತಿದ್ದವರಾದರೆ ಎರಡು ಅಫಿಡವಿಟ್ ಪಕ್ಕಪಕ್ಕ ಇಟ್ಟುಕೋ. ಅಜ್ಜಿಗೂ ಓದಿ ಹೇಳು, ನಿಮ್ಮ ಮನೆಯಲ್ಲಿ ತೆಲುಗಾದರೆ ತೆಲುಗಿನಲ್ಲೇ ಹೇಳು.

ಪ್ರಶ್ನೆ (ಚಿಕ್ಕಬಳ್ಳಾಪುರ, ಹೂವಿನ ತೋಟದವರು):

ಸರ್, ನಮಗೆ ಬೆಳಗಿನ ಜಾವ ಹೂವು ಬಿಡಿಸೋದು, ಮಾರ್ಕೆಟ್, ಮಕ್ಕಳು. ಓದೋಕೆ ಟೈಮ್ ಎಲ್ಲಿದೆ? ಗೊತ್ತಿಲ್ಲ ಅಂದಮೇಲೆ ನೋಟಾ ಒತ್ತೋದು ವಾಸಿ ಅಲ್ವಾ?

ಉತ್ತರ:

ಬೇಡಮ್ಮ. 2013ರಲ್ಲಿ ನೋಟಾ ಬಂದಿದ್ದು ಎಲ್ಲರನ್ನೂ ನೋಡಿ ಯಾರೂ ಬೇಡ ಅನ್ನುವವರಿಗೆ. ಗೊತ್ತಿಲ್ಲ ಅನ್ನೋದು ಬೇರೆ, ಬೇಡ ಅನ್ನೋದು ಬೇರೆ. ನೋಟಾಗೇ ಜಾಸ್ತಿ ಓಟು ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರೋರು ವಿಧಾನಸಭೆಗೆ ಹೋಗೇ ಹೋಗುತ್ತಾರೆ.

ಮತ್ತೆ ನಿಮಗೆ ಗೊತ್ತಿಲ್ಲ ಅಂತ ಯಾರು ಹೇಳಿದ್ದು? ಬೋರು ಎಷ್ಟು ಅಡಿಗೆ ಹೋಯಿತು ಅಂತ ನಿಮಗಿಂತ ಚೆನ್ನಾಗಿ ಯಾವ ಟಿವಿಯವನಿಗೆ ಗೊತ್ತು? ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ) ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತ ಯಾವಾಗ ಅಂತ ಓಟು ಕೇಳೋಕೆ ಬಂದವರನ್ನು ಕೇಳಿ. ಉತ್ತರ ಕೊಡದೆ ಕೈ ಮುಗಿದು ಮುಂದಿನ ಮನೆಗೆ ಹೋದರೆ ಅದೂ ಒಂದು ಮಾಹಿತಿನೇ.

ಪ್ರಶ್ನೆ (ಮಾಲೂರಿನಿಂದ):

ನನ್ನದೊಂದು ಓಟಿಂದ ಏನಾಗುತ್ತೆ ಸಾರ್, ತಿಳ್ಕೊಂಡರೇನು ಬಿಟ್ಟರೇನು.

ಉತ್ತರ:

ಮಾಲೂರಿನವರೇ ಹೀಗೆ ಕೇಳಿದರೆ ಹೇಗಪ್ಪ! 2023ರ ವಿಧಾನಸಭೆ ಚುನಾವಣೆಯಲ್ಲಿ ನಿಮ್ಮಲ್ಲಿ ಘೋಷಣೆಯಾದ ಗೆಲುವಿನ ಅಂತರ 248 ಓಟು. ಅದು ಕೋರ್ಟಿಗೂ ಹೋಯಿತು. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಗೆದ್ದಿದ್ದು ಒಂದೇ ಒಂದು ಓಟಿನಲ್ಲಿ.

ಶಿಡ್ಲಘಟ್ಟದವರು, ಮತ್ತೆ:

ಮೇಷ್ಟ್ರೇ, ನಿನ್ನೆ ರಾತ್ರಿ ಹಳೇ ಚುನಾವಣೆಯ ಅಫಿಡವಿಟ್ ಒಂದನ್ನು ಅಜ್ಜಿಗೆ ಓದಿ ಹೇಳಿದೆ. ಕೇಸು ಕೇಳಿಸಿಕೊಂಡು ಸುಮ್ಮನಿದ್ದರು. ಸಾಲದ ಲೆಕ್ಕ ಬಂದಾಗ ತಡೆದು, "ಇಷ್ಟು ಸಾಲ ಇಟ್ಟುಕೊಂಡವನು ಅಷ್ಟು ಜಮೀನು ಹೇಗೆ ತಗೊಂಡ?" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ಸರಿ, ಈ ಸಲ ಯಾರಿಗೆ ಹಾಕುತ್ತೀರಿ ಅಂತ ಕೇಳಿದೆ. "ಅದನ್ನ ಯಾರಿಗೂ ಹೇಳಬಾರದು ಅಂತ ನಿಮ್ಮ ಮೇಷ್ಟ್ರು ಹೇಳಿಕೊಡಲಿಲ್ವಾ?" ಅಂದು ಲೈಟ್ ಆರಿಸಿ ಮಲಗಿಬಿಟ್ಟರು.