ಪದಚರ್ಚೆ: ‘ನಿರೋಧಕ’ ಯಾರು, ಸಿಪ್ಪೆಯೋ ಬ್ಯಾಕ್ಟೀರಿಯಾವೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಒಂದು ಅಂತ ಹೇಳಿದರೂ ಅದರ ಬೆನ್ನಿಗೆ ಇನ್ನೂ ನಾಲ್ಕೈದು ಬಂದಿವೆ, ಸ್ವಲ್ಪ ಸಹಿಸಿಕೊಳ್ಳಿ.

ಬಿ.ಎಸ್ಸಿ. ಓದುವ ಮಕ್ಕಳ ಪ್ರಾಜೆಕ್ಟ್ ಒಂದನ್ನು ಕನ್ನಡದಲ್ಲಿ ಭಿತ್ತಿಪತ್ರ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೈಸ್ಕೂಲಿನ ವಿಜ್ಞಾನ ಮೇಳಗಳಲ್ಲಿ ಇಡುವುದಕ್ಕೆ. ದಾಳಿಂಬೆ, ಕಿತ್ತಳೆ, ಬಾಳೆಹಣ್ಣು, ಈ ಮೂರರ ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲೊಮ್ಮೆ ಎಥನಾಲಿನಲ್ಲೊಮ್ಮೆ ನೆನೆಸಿ ಸೋಸಿದ್ದಾರೆ. ಆ ಸಾರ ಬ್ಯಾಕ್ಟೀರಿಯಾಗಳನ್ನು ಏನು ಮಾಡುತ್ತದೆ ಅಂತ ನೋಡಿದ್ದಾರೆ. ಅವರೇ ಇಟ್ಟ ತಲೆಬರಹ: ‘ಹಣ್ಣಿನ ಸಿಪ್ಪೆಯ ಸೂಕ್ಷ್ಮಜೀವಿ ನಿರೋಧಕ ಗುಣ’. ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಮುಂದೆ ಒಂದು ಕಡೆ ಹೀಗಿದೆ: ‘ಔಷಧ ನಿರೋಧಕ ಬ್ಯಾಕ್ಟೀರಿಯಾಗಳ ಮೇಲೆ ಬ್ಯಾಕ್ಟೀರಿಯಾ ನಿರೋಧಕ ಸಾರದ ಪರಿಣಾಮ’.

ಇಲ್ಲಿ ನಾನು ಸಿಕ್ಕಿಕೊಂಡೆ. ಮೊದಲನೆಯ ‘ನಿರೋಧಕ’ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ. ಎರಡನೆಯದು ಬ್ಯಾಕ್ಟೀರಿಯಾವನ್ನು ತಡೆಯುವ ಸಾರ. ಕಳ್ಳನಿಗೂ ಪೊಲೀಸಿಗೂ ಒಂದೇ ಖಾಕಿ ತೊಡಿಸಿದ ಹಾಗಾಯಿತು, ಅಲ್ವಾ?

ವ್ಯಾಕರಣದ ಪ್ರಕಾರ ಎರಡೂ ಸರಿಯೇ. ನಿರೋಧ ಅಂದರೆ ತಡೆ. ಆದರೆ ಬಳಕೆ ಬೇರೆ ದಾರಿ ಹಿಡಿದಿದೆ. ಜಲನಿರೋಧಕ ಬಣ್ಣ, ಅಗ್ನಿನಿರೋಧಕ ಬಾಗಿಲು, ಮೈಯ ರೋಗನಿರೋಧಕ ಶಕ್ತಿ. ಇಲ್ಲೆಲ್ಲ ಹೊರಗಿನಿಂದ ಬರುವುದನ್ನು ತನಗೆ ತಾಕದಂತೆ ನೋಡಿಕೊಳ್ಳುವ ಅರ್ಥವಿದೆ. ‘ರೋಗ ನಿರೋಧಕ ತಳಿ’ ಅಂದರೆ ರೋಗ ಹತ್ತದ ತಳಿ ಅಂತಲೇ ರೈತರು ತಿಳಿಯುತ್ತಾರೆ, ರೋಗವನ್ನು ಹುಡುಕಿ ಹೊಡೆಯುವ ತಳಿ ಅಂತ ಅಲ್ಲ. ಹಾಗಾಗಿ ‘ಔಷಧ ನಿರೋಧಕ’ ಅನ್ನುವುದಕ್ಕೆ ಜನರ ಬಳಕೆಯ ಬೆಂಬಲ ಇದೆ. ‘ಬ್ಯಾಕ್ಟೀರಿಯಾ ನಿರೋಧಕ ಸಾರ’ ಅಂದರೆ ಮಾತ್ರ ಬ್ಯಾಕ್ಟೀರಿಯಾ ಹತ್ತದ ಸಾರ, ಕೆಡದೆ ಇರುವ ಸಾರ ಅಂತ ಓದಿಕೊಳ್ಳಲು ಜಾಗ ಉಳಿಯುತ್ತದೆ. ಹಿಂದಿನ ಬೆಂಚಿನವರು ಈ ಪದಕ್ಕೆ ಕಿಸಕ್ಕೆಂದು ನಗಲು 1968ರಿಂದ ಸರ್ಕಾರವೇ ‘ನಿರೋಧ್’ ಹೆಸರಲ್ಲಿ ಹಂಚಿದ ಇನ್ನೊಂದು ಕಾರಣವೂ ಇದೆ. ಅದನ್ನು ಬಿಡಿ.

ನನ್ನ ಸಲಹೆ ಇಷ್ಟು. ಔಷಧಕ್ಕೆ ಜಗ್ಗದವುಗಳಿಗೆ ‘ನಿರೋಧಕ’ ಅಂತ ಬಿಟ್ಟುಕೊಡೋಣ, ಇಲ್ಲವೇ ‘ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ’ ಅಂತ ನೇರವಾಗಿ ಬರೆಯೋಣ. ಸಿಪ್ಪೆಯ ಸಾರಕ್ಕೆ ‘ತಡೆಯುವ’, ‘ಕೊಲ್ಲುವ’ ಅನ್ನುವ ನಮ್ಮ ಕ್ರಿಯಾಪದಗಳನ್ನೇ ಹಚ್ಚೋಣ. ಇದು ಬರೀ ಸರಳತೆಯ ಮಾತಲ್ಲ. ತಡೆಯುವುದು ಬೇರೆ, ಕೊಲ್ಲುವುದು ಬೇರೆ ಅನ್ನುವುದು ಈ ಪ್ರಯೋಗದ ತಿರುಳು. ‘ನಿರೋಧಕ’ ಅದನ್ನು ಮುಚ್ಚಿಬಿಡುತ್ತದೆ.

ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪೆಟ್ರಿ ತಟ್ಟೆಯಲ್ಲಿ ಅಗರ್ (ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಲೋಳೆಯಂಥ ಪದಾರ್ಥ) ಹುಯ್ದು, ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಎಲ್ಲ ಕಡೆ ಸವರುತ್ತಾರೆ. 6 ಮಿ.ಮೀ. ಅಗಲದ ಕುಳಿ ಕೊರೆದು ಅದರೊಳಗೆ ಸಾರ ಬಿಡುತ್ತಾರೆ. 37 ಡಿಗ್ರಿ ಶಾಖದಲ್ಲಿ ಒಂದು ರಾತ್ರಿ ಇಟ್ಟರೆ ತಟ್ಟೆ ಪೂರ್ತಿ ಮಬ್ಬಾಗುತ್ತದೆ. ಸಾರ ಕೆಲಸ ಮಾಡಿದ್ದರೆ ಕುಳಿಯ ಸುತ್ತ ಮಾತ್ರ ಏನೂ ಬೆಳೆಯದ ದುಂಡನೆಯ ಜಾಗ ಉಳಿಯುತ್ತದೆ. ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಕುಳಿಯ ಅಗಲವೂ ಸೇರಿ. ಆ ಜಾಗಕ್ಕೆ ‘ಪ್ರತಿಬಂಧಕ ವಲಯ’, ‘ನಿಷೇಧಿತ ವಲಯ’ ಅಂತೆಲ್ಲ ಬರೆಯುತ್ತಾರೆ. ಎರಡನೆಯದು ಕರ್ಫ್ಯೂ ಹಾಕಿದ ಬೀದಿಯನ್ನು ನೆನಪಿಸುತ್ತದೆ. ‘ತಿಳಿವಲಯ’ ಅನ್ನಬಹುದೇ ಅಂತ ಗೆಳೆಯರೊಬ್ಬರು ಕೇಳಿದರು. ತಿಳಿನೀರು, ತಿಳಿಸಾರು ಇರುವಾಗ ಮುದ್ದಾದ ಪದವೇ. ಆದರೆ ದಾಳಿಂಬೆ ಸಾರ ಕಂದು ಬಣ್ಣದ್ದು. ಕುಳಿಯಿಂದ ಆಚೆ ಹರಡಿ ಅಗರಿಗೇ ಕಲೆ ಹಿಡಿಸುತ್ತದೆ. ಕಲೆಯ ಅಂಚು ಒಂದು, ಬ್ಯಾಕ್ಟೀರಿಯಾ ನಿಂತ ಅಂಚು ಇನ್ನೊಂದು. ಸ್ಕೇಲ್ ಇಡಬೇಕಾದ್ದು ಎರಡನೆಯದಕ್ಕೆ. ಅಂಥ ಕಡೆ ‘ತಿಳಿ’ ಅಂದರೆ ಮಕ್ಕಳು ಏನನ್ನು ಅಳೆಯಬೇಕು? ‘ತಡೆವಲಯ’ ನನಗೆ ಹಿಡಿಸಿದೆ.

ತಡೆವಲಯ ಕಂಡಿತು ಅಂದ ಮಾತ್ರಕ್ಕೆ ಅಲ್ಲಿನ ಬ್ಯಾಕ್ಟೀರಿಯಾ ಸತ್ತಿತು ಅಂತ ಹೇಳುವ ಹಾಗಿಲ್ಲ. ಸುಮ್ನೆ ಬೆಳೆಯದೆ ಕೂತಿರಬಹುದು. ಅದಕ್ಕೇ ಎರಡನೆಯ ಪರೀಕ್ಷೆ. ಸಾಲು ಕೊಳವೆಗಳಲ್ಲಿ ಸಾರವನ್ನು ಅರ್ಧಕ್ಕರ್ಧ ತೆಳು ಮಾಡುತ್ತ ಹೋಗಿ, ಎಲ್ಲಕ್ಕೂ ಒಂದೇ ಅಳತೆಯ ಬ್ಯಾಕ್ಟೀರಿಯಾದ ಹೆಪ್ಪು ಹಾಕುತ್ತಾರೆ. (ಪಠ್ಯಗಳು ಏನೇ ಅನ್ನಲಿ, ಇದಕ್ಕೆ ‘ಹೆಪ್ಪು’ ಬಿಟ್ಟು ಬೇರೆ ಪದ ಯಾಕೆ ಬೇಕೋ ನನಗೆ ಗೊತ್ತಾಗಿಲ್ಲ.) ಮಾರನೆಯ ದಿನ ಮಬ್ಬಾಗದೆ ಉಳಿದ ಕೊಳವೆಗಳಲ್ಲಿ ಅತಿ ತೆಳುವಾದದ್ದು ಯಾವುದೋ ಅದೇ ‘ತಡೆಯಲು ಬೇಕಾದ ಕನಿಷ್ಠ ಪ್ರಮಾಣ’. ಮಬ್ಬಾಗದ ಕೊಳವೆಗಳಿಂದ ಒಂದಿಷ್ಟು ತೆಗೆದು, ಸಾರವಿಲ್ಲದ ಹೊಸ ಅಗರಿನ ಮೇಲೆ ಹರಡುತ್ತಾರೆ. ಮತ್ತೆ ಚಿಗುರಿದರೆ ಅಲ್ಲಿ ಸಾರ ತಡೆದಿತ್ತು, ಅಷ್ಟೇ. ನೂರಕ್ಕೆ 99.9ರಷ್ಟು ಬ್ಯಾಕ್ಟೀರಿಯಾ ಏಳದಿದ್ದರೆ ಕೊಂದಿದೆ ಅಂತ ಲೆಕ್ಕ. ಹಾಗೆ ಕೊಂದವುಗಳಲ್ಲಿ ಅತಿ ತೆಳುವಾದದ್ದು ‘ಕೊಲ್ಲಲು ಬೇಕಾದ ಕನಿಷ್ಠ ಪ್ರಮಾಣ’. ಹೀಗೆ ಬರೆದರೆ ಒಂಬತ್ತನೆಯ ತರಗತಿಯ ಹುಡುಗಿಗೂ ಗೊತ್ತಾಗುತ್ತದೆ. ‘ಕನಿಷ್ಠ ನಿರೋಧಕ ಸಾಂದ್ರತೆ’, ‘ಕನಿಷ್ಠ ಜೀವಾಣುನಾಶಕ ಸಾಂದ್ರತೆ’ ಅಂತ ಬರೆದರೆ ಅವಳು ಪಕ್ಕದ ಜ್ವಾಲಾಮುಖಿ ಮಾದರಿಯ ಕಡೆ ನಡೆಯುತ್ತಾಳೆ.

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಕ್ರಿಮಿನಾಶಕ’ ಬೇಡವೇ ಬೇಡ. ನಮ್ಮ ಕಡೆ ಅದು ಗೊಬ್ಬರದಂಗಡಿಯಲ್ಲಿ ಸಿಗುವ ಡಬ್ಬಿ. ‘ದಾಳಿಂಬೆ ಸಿಪ್ಪೆಯ ಕ್ರಿಮಿನಾಶಕ ಗುಣ’ ಅಂದರೆ ತೊಗರಿ ಕಾಯಿಕೊರಕಕ್ಕೆ ಹೊಡೆಯಬಹುದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ‘ನಂಜುನಿವಾರಕ’ ಒಳ್ಳೆಯ ಪದ. ಆದರೆ ನಂಜು ಆಗುವುದು ಗಾಯಕ್ಕೆ, ಪೆಟ್ರಿ ತಟ್ಟೆಗಲ್ಲ. ‘ಪ್ರತಿಜೀವಕ’ ಅಂತಲೂ ಒಂದು ಕಡೆ ಬರೆದಿದ್ದರು. ಆಂಟಿಬಯೋಟಿಕ್‌ಗೆ ಅದು ಆಗಲೇ ನಿಂತುಬಿಟ್ಟಿದೆ. ಆ ಇಂಗ್ಲಿಷ್ ಪದಕ್ಕೆ ಸೂಕ್ಷ್ಮಜೀವಿ ವಿಜ್ಞಾನಿ ವಾಕ್ಸ್‌ಮನ್ 1940ರ ದಶಕದಲ್ಲಿ ಕೊಟ್ಟ ಅರ್ಥದಲ್ಲಿ, ಒಂದು ಸೂಕ್ಷ್ಮಜೀವಿ ತಯಾರಿಸಿ ಇನ್ನೊಂದು ಸೂಕ್ಷ್ಮಜೀವಿಯನ್ನು ತಡೆಯುವ ವಸ್ತು ಅದು. ಗಿಡ ತಯಾರಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ತಮಾಷೆ ಏನೆಂದರೆ, ಪೆನಿಸಿಲಿನ್ ಜಾಸ್ತಿ ಕೊಡುವ ತಳಿ 1943ರಲ್ಲಿ ಸಿಕ್ಕಿದ್ದು ಅಮೆರಿಕದ ಪಿಯೋರಿಯಾದಲ್ಲಿ, ಕೊಳೆತ ಕರಬೂಜ ಹಣ್ಣಿನ ಮೇಲೆ. ಅಲ್ಲಿ ಮದ್ದು ಕೊಟ್ಟದ್ದು ಹಣ್ಣಲ್ಲ, ಅದರ ಮೇಲೆ ಹಿಡಿದಿದ್ದ ಬೂಸ್ಟು.

ಬ್ಯಾಕ್ಟೀರಿಯಾಕ್ಕೆ ‘ದುಂಡಾಣು’ ಬಳಸಿ ಅಂತ ಒಬ್ಬರ ಒತ್ತಾಯ. ಕೃಷಿ ಬರಹಗಳಲ್ಲಿ ಅದು ಚೆನ್ನಾಗಿ ಬೇರೂರಿದೆ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆ ದಾಳಿಂಬೆ ಬೆಳೆಯುವವರಿಗೆ ‘ದುಂಡಾಣು ಅಂಗಮಾರಿ’ ಅಂದರೆ ನಿದ್ದೆಗೆಡಿಸುವ ರೋಗ. ಎಲೆ ಮೇಲೆ ಚುಕ್ಕೆ, ಕಾಯಿ ಮೇಲೆ ಕಪ್ಪು ಕಲೆ, ಕೊನೆಗೆ ಸಿಪ್ಪೆಯೇ ಸೀಳಿಹೋಗುತ್ತದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವ ಸಿಪ್ಪೆ ಗಿಡದಲ್ಲಿ ಬ್ಯಾಕ್ಟೀರಿಯಾದಿಂದಲೇ ಬಿರಿಯುತ್ತದೆ. ಅದಕ್ಕೆ ಸ್ಟ್ರೆಪ್ಟೋಮೈಸಿನ್ ಅನ್ನುವ ಆಂಟಿಬಯೋಟಿಕ್ ಬೆರೆತ ಔಷಧಿ ಹೊಡೆಯುತ್ತಿದ್ದುದೂ ಉಂಟು. ಈ ಸಂಗತಿಯನ್ನು ಭಿತ್ತಿಪತ್ರದಲ್ಲಿ ಸೇರಿಸಿ ಅಂತ ಮಕ್ಕಳಿಗೆ ಹೇಳಿದ್ದೇನೆ. ಸಿಪ್ಪೆಯನ್ನು ಎಲ್ಲಕ್ಕೂ ಮದ್ದು ಅಂತ ಹೊಗಳುವ ಚಾಳಿಗೆ ಅದೊಂದು ಲಗಾಮು. ಆದರೆ ದುಂಡಾಣು ಅನ್ನುವ ಪದ? ಆ ರೋಗದ ಜೀವಿ ದುಂಡಗಿಲ್ಲ, ಕಡ್ಡಿಯಾಕಾರ. ಈ ಪ್ರಯೋಗದ ಇ. ಕೋಲಿಯೂ ಕಡ್ಡಿಯೇ. ಮಕ್ಕಳು ಬೆಳೆಸಿದ ಬ್ಯಾಕ್ಟೀರಿಯಾಗಳಲ್ಲಿ ನಿಜವಾಗಿ ದುಂಡಗಿರುವುದು ಸ್ಟೆಫೈಲೋಕಾಕಸ್ ಒಂದೇ. ಚಿತ್ರ ಪಕ್ಕದಲ್ಲೇ ಇರುವಾಗ ಮಕ್ಕಳು ಕೇಳದೆ ಬಿಡುವುದಿಲ್ಲ. ನನ್ನ ಮತ ಬ್ಯಾಕ್ಟೀರಿಯಾಕ್ಕೆ. ಹಾಲಿನ ಡೇರಿಯವರೂ ಅದನ್ನೇ ಅನ್ನುತ್ತಾರೆ.

ಇನ್ನು ‘ಸಾರ’. ಕರಡಿನಲ್ಲಿ ಒಂದು ಕಡೆ ಸಾರ, ಒಂದು ಕಡೆ ಸತ್ವ, ಒಂದು ಕಡೆ ರಸ, ಒಂದು ಕಡೆ ಕಷಾಯ. ಕನ್ನಡದಲ್ಲಿ ಈ ಪದಗಳು ಒಂದೊಂದೂ ಒಂದೊಂದು ಕೆಲಸವನ್ನು ಹೇಳುತ್ತವೆ. ರಸ ಅಂದರೆ ಹಿಂಡಿದ್ದು. ಅರ್ಕ ಅಂದರೆ ಬಟ್ಟಿ ಇಳಿಸಿದ್ದು. ಕಷಾಯ ಅಂದರೆ ನಮಗೆ ನಾಲ್ಕು ಲೋಟ ಒಂದಕ್ಕೆ ಬತ್ತಿಸಿದ್ದು. ಆಯುರ್ವೇದದ ಪಂಚವಿಧ ಕಷಾಯಗಳಲ್ಲಿ ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಅಂತ ಬೇರೆಬೇರೆ ಇಟ್ಟಿದ್ದಾರೆ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ ಸೋಸಿದ್ದಕ್ಕೆ ‘ಹಿಮ’ ಅನ್ನುವ ಹೆಸರೇ ಇದೆ. ಮಕ್ಕಳ ನೀರಿನ ಸಾರ ಅದಕ್ಕೆ ಬಹಳ ಹತ್ತಿರ. ಆದರೆ ಭಿತ್ತಿಪತ್ರದಲ್ಲಿ ‘ಹಿಮ’ ಅಂದರೆ ಐಸ್ ಅಂತ ಓದುತ್ತಾರೆ. ‘ಎಥನಾಲ್ ಕಷಾಯ’ ಅಂದರಂತೂ ಕತೆ ಬೇರೆಯೇ ಆದೀತು! ಹಾಗಾಗಿ ‘ನೀರಿನ ಸಾರ’, ‘ಎಥನಾಲ್ ಸಾರ’ ಅಂತ ದ್ರಾವಕವನ್ನು ಮುಂದಿಟ್ಟು ಬರೆದಿದ್ದೇನೆ.

ದ್ರಾವಕದ ಹೆಸರು ಇರಲೇಬೇಕು, ಯಾಕೆಂದರೆ ಫಲಿತಾಂಶ ಅದರ ಮೇಲೆ ನಿಂತಿದೆ. ಕಿತ್ತಳೆ ಸಿಪ್ಪೆಯನ್ನು ಬಾಗಿಸಿ ಹಿಂಡಿದರೆ ಕಣ್ಣಿಗೆ ಚುರ್ರೆನ್ನುವ ತುಂತುರು ಹಾರುತ್ತದಲ್ಲ, ಅದರಲ್ಲಿ ಬಹುಪಾಲು ಲಿಮೊನೀನ್ ಅನ್ನುವ ಎಣ್ಣೆ. ಅದು ನೀರಿಗೆ ಬೆರೆಯುವುದಿಲ್ಲ. ನೀರಿನಂಶವೇ ಜಾಸ್ತಿ ಇರುವ ಅಗರಿನಲ್ಲೂ ಸರಿಯಾಗಿ ಹರಡುವುದಿಲ್ಲ. ಒಣಗಿಸುವಾಗಲೇ ಒಂದಷ್ಟು ಹಾರಿಯೂ ಹೋಗಿರುತ್ತದೆ. ದಾಳಿಂಬೆಯದು ಇನ್ನೊಂದು ಜಾತಿ. ಅದರ ಬಲ ಹೆಚ್ಚಾಗಿ ಪ್ಯೂನಿಕಾಲಾಜಿನ್‌ನಂಥ ಟ್ಯಾನಿನ್‌ಗಳಲ್ಲಿ. ಅವು ನೀರಿಗೂ ಇಳಿಯುತ್ತವೆ, ಎಥನಾಲಿಗೂ ಇಳಿಯುತ್ತವೆ. ದಾಳಿಂಬೆಯ ತಡೆವಲಯ ದೊಡ್ಡದು, ಕಿತ್ತಳೆಯದು ಚಿಕ್ಕದು ಅಂದಾಗ, ಅದರಲ್ಲಿ ಹರಡುವಿಕೆಯ ಪಾಲೆಷ್ಟು, ಕೊಲ್ಲುವ ಬಲದ ಪಾಲೆಷ್ಟು ಅನ್ನುವ ಪ್ರಶ್ನೆ ಉಳಿದೇ ಉಳಿಯುತ್ತದೆ.

ಟ್ಯಾನಿನ್‌ಗೆ ‘ಒಗರು’ ಅಂತ ಬರೆಯಬಹುದೇ? ಎಳೆ ದಾಳಿಂಬೆ ಸಿಪ್ಪೆ ಕಚ್ಚಿದರೆ ನಾಲಗೆ ಹಿಡಿದುಕೊಳ್ಳುವುದು ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ. ಬ್ಯಾಕ್ಟೀರಿಯಾದ ಪ್ರೋಟೀನುಗಳಿಗೂ ಅದು ಹಾಗೆಯೇ ಅಂಟುತ್ತದೆ. ಸಂಸ್ಕೃತದಲ್ಲಿ ಒಗರು ರುಚಿಯ ಹೆಸರೂ ‘ಕಷಾಯ’ವೇ! ಮಲೆನಾಡಿನಲ್ಲಿ ಹೊಟ್ಟೆ ಕೆಟ್ಟಾಗ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡುವವರಿಗೆ ಒಗರಿನ ಕೆಲಸ ಹೊಸದಲ್ಲ. ‘ಒಗರಿನ ಅಂಶ (ಟ್ಯಾನಿನ್)’ ಅಂತ ಬರೆಯುವ ಮನಸ್ಸಿದೆ. ರಸಾಯನಶಾಸ್ತ್ರದವರು ಬೈಯುತ್ತಾರಾ?

ಕೊನೆಗೊಂದು, ಇದಕ್ಕೆ ಜಾಸ್ತಿ ಚರ್ಚೆ ಬೇಡ. ಸಾರವಿಲ್ಲದೆ ಬರೀ ದ್ರಾವಕ ತುಂಬಿದ ಕುಳಿಯನ್ನು ವರದಿಯಲ್ಲಿ ‘ಋಣ ನಿಯಂತ್ರಣ’ ಅಂದಿದ್ದಾರೆ. ಪಕ್ಕದಲ್ಲೇ ಬ್ಯಾಕ್ಟೀರಿಯಾದ ಒಂದು ಗುಂಪಿನ ಹೆಸರು, ‘ಗ್ರಾಂ ಋಣಾತ್ಮಕ’. ಎರಡನ್ನೂ ಸೇರಿಸಿ ಓದಿದರೆ ಚಿನ್ನದ ಸಾಲದ ಜಾಹೀರಾತು. ಆ ಕುಳಿಯನ್ನು ‘ಬರೀ ದ್ರಾವಕದ ಕುಳಿ’, ಹೋಲಿಕೆಗೆ ಔಷಧ ತುಂಬಿದ ಕುಳಿಯನ್ನು ‘ಗೊತ್ತಿರುವ ಔಷಧದ ಕುಳಿ’ ಅಂತ ಮಾಡಿದ್ದೇನೆ. ಗ್ರಾಮ್ ಅನ್ನುವುದು ತೂಕವಲ್ಲ, 1884ರಲ್ಲಿ ಬ್ಯಾಕ್ಟೀರಿಯಾವನ್ನು ಬಣ್ಣ ಹಾಕಿ ವಿಂಗಡಿಸುವ ಪರೀಕ್ಷೆ ಕಂಡುಹಿಡಿದ ಡೆನ್ಮಾರ್ಕಿನವರ ಹೆಸರು ಅಂತ ಕೆಳಗೆ ಒಂದು ಸಾಲು ಹಾಕುತ್ತೇನೆ.

ನಿಮ್ಮಿಂದ ಮುಖ್ಯವಾಗಿ ಬೇಕಾದ್ದು ಎರಡು. ‘ತಡೆಯುವ’, ‘ಕೊಲ್ಲುವ’ ಇವೆರಡನ್ನೂ ಒಳಗೊಳ್ಳುವ ಒಂದೇ ಪದ ತಲೆಬರಹಕ್ಕೆ ಬೇಕು. ‘ಬ್ಯಾಕ್ಟೀರಿಯಾಕ್ಕೆ ಸಿಪ್ಪೆಯ ಮದ್ದು’ ಅಂತ ಇಟ್ಟರೆ ಜನ ಕುಡಿಯಲು ಶುರುಮಾಡುತ್ತಾರೆ ಅನ್ನುವ ಭಯ. ತಟ್ಟೆಯಲ್ಲಿ ಆದದ್ದು ಹೊಟ್ಟೆಯಲ್ಲಿ ಆಗಬೇಕೆಂದಿಲ್ಲವಲ್ಲ. ಎರಡನೆಯದು, ಕಿತ್ತಳೆ ಮತ್ತು ಹೇರಳೆಯ ಹೊರಸಿಪ್ಪೆಗೂ ತೊಳೆಗೂ ನಡುವೆ ಇರುವ ಬಿಳಿಯ ಮೆತ್ತನೆ ಪದರಕ್ಕೆ, ದಾಳಿಂಬೆ ಕಾಳುಗಳ ಮಧ್ಯದ ಹಳದಿ ತೆಳುಪೊರೆಗೆ ನಿಮ್ಮ ಕಡೆ ಏನನ್ನುತ್ತಾರೆ? ಈ ಮಕ್ಕಳು ಎರಡನ್ನೂ ಬಿಡಿಸಿ ಬೇರೆಯಾಗಿ ಪರೀಕ್ಷಿಸಿದ್ದಾರೆ, ನನ್ನ ಬಳಿ ಪದವಿಲ್ಲ. ಕೊಡಗಿನವರು, ಶಿರಸಿ ಕಡೆಯವರು, ದಾಳಿಂಬೆ ತೋಟ ಇರುವವರು ದಯವಿಟ್ಟು ಬರೆಯಿರಿ. ಪದದ ಜೊತೆ ಊರಿನ ಹೆಸರನ್ನೂ ಹಾಕಿ.