ಅಪ್‌ಡೇಟ್: 34ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಪರೀಕ್ಷೆ, ಸಿರುಗುಪ್ಪದಿಂದ

ಮೂರು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ: ಕೈಗೆತ್ತಿಕೊಂಡ ಒಂದು ಕೆಲಸವೂ ಮುಗಿಯಲ್ಲ, ಚಿಕ್ಕಂದಿನಿಂದ ಹಿಂಗೇ, ಇದು ಎಡಿಎಚ್‌ಡಿನಾ (ಗಮನ ನಿಲ್ಲದ, ಚಡಪಡಿಸುವ ತೊಂದರೆ), ಎಲ್ಲಿ ತೋರಿಸಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ಮನಸಾರೆ ಧನ್ಯವಾದ.

ಮೊದಲು ಹೋದ ಡಾಕ್ಟರು "ಅದು ಮಕ್ಕಳ ಕಾಯಿಲೆ" ಅಂದು ನಿದ್ದೆ ಮಾತ್ರೆ ಬರೆದು ಕಳಿಸಿದರು. ಆವತ್ತು ಬಸ್ಸಲ್ಲಿ ಅತ್ತುಬಿಟ್ಟೆ. ಆಮೇಲೆ ನೀವು ಹೇಳಿದಂತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಿದರು, ಮನೋವೈದ್ಯರನ್ನೇ ನೋಡಿ ಅಂದರು.

ಬಳ್ಳಾರಿಯಲ್ಲಿ ಸಿಕ್ಕ ಮನೋವೈದ್ಯೆ ಅವ್ವನನ್ನೂ ಕರಕೊಂಡು ಬಾ ಅಂದರು. ಯಾಕಂದರೆ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು. ಅವರು ನೋಡೋ ಪಟ್ಟಿಯಲ್ಲಿ ಗಮನ ನಿಲ್ಲದ್ದಕ್ಕೆ 9, ಚಡಪಡಿಕೆಗೆ 9 ಲಕ್ಷಣ. ದೊಡ್ಡವರಲ್ಲಿ ಒಂದು ಗುಂಪಿನಲ್ಲಾದರೂ 5 ಇರಬೇಕಂತೆ. ಅವ್ವ ಮೂರನೇ ಕ್ಲಾಸಿನ ಕಥೆ ಎಲ್ಲಾ ಹೇಳಿದಳು, ದಿನಾ ಕಳಕೊಂಡು ಬರ್ತಿದ್ದ ಬಳಪದ ಸಮೇತ. ಥೈರಾಯ್ಡ್, ನಿದ್ದೆ, ಆತಂಕ ಎಲ್ಲ ನೋಡಿ, ಎರಡನೇ ಭೇಟಿಯಲ್ಲಿ ಎಡಿಎಚ್‌ಡಿ ಹೌದು ಅಂದರು.

ಈಗ ಅದಕ್ಕೆ ಆಟೊಮಾಕ್ಸೆಟಿನ್ ಅನ್ನೋ ಔಷಧ ಶುರುವಾಗಿದೆ. ಗುಣ ಕಾಣೋಕೆ ಕೆಲವು ವಾರ ಬೇಕು. ಎಡಿಎಚ್‌ಡಿಗೆ ಕೊಡೋ ಇನ್ನೊಂದು ಔಷಧ ಮೀಥೈಲ್‌ಫೆನಿಡೇಟ್; ಅದು ನಿಯಂತ್ರಿತ ಔಷಧ, ಎಲ್ಲ ಅಂಗಡಿಯಲ್ಲೂ ಸಿಗಲ್ಲ.

ಒಂದು ಮಾತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಇಲ್ಲಿ ಮಾಡಿ ತೋರಿಸಿದ್ದು. ಅಂಥ ಜಿಲ್ಲೆಯಲ್ಲಿ ದೊಡ್ಡವರಿಗೆ ಇಷ್ಟು ಅಲೆದಾಟ ಇರಬಾರದಿತ್ತು.

ಕಂಪ್ಲಿ, ಸಿರುಗುಪ್ಪ ಕಡೆಯಿಂದ ಹೋಗೋರು ಹಳೇ ಅಂಕಪಟ್ಟಿ ಇದ್ದರೆ ಒಯ್ಯಿರಿ. ನನಗೆ ಅದು ತುಂಬಾ ಉಪಯೋಗಕ್ಕೆ ಬಂತು.